ಅಡುಗೆಮನೆಯ ಮಾಡು: ಏಳು ವಾರಾಂತ್ಯಗಳ ಹಂಚಿನ ಕೆಲಸ

ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿ 2024ರ ಮಳೆಗಾಲವಿಡೀ ಒಲೆಕಟ್ಟೆಯಿಂದ ಎರಡು ಅಡಿ ದೂರದಲ್ಲಿ ಒಂದು ಬಕೆಟ್ ಖಾಯಂ ಆಗಿ ಕುಳಿತಿತ್ತು. ಜೋರು ಮಳೆಯ ರಾತ್ರಿಗಳಲ್ಲಿ ಅದು ಬೆಳಗಾಗುವುದರೊಳಗೆ ಮುಕ್ಕಾಲು ಭಾಗ ತುಂಬುತ್ತಿತ್ತು. ಆಗ ನಾನು ಮಾಡಿದ ರಿಪೇರಿಗಳು ಎರಡು. ಮೊದಲನೆಯದು, ಹನಿ ಬೀಳುವ ಜಾಗದ ನೇರ ಮೇಲಿದ್ದ ಹಂಚನ್ನು ಬದಲಿಸಿದ್ದು; ಎರಡನೆಯದು, ಅದರ ಸುತ್ತಲಿನ ಸಂದುಗಳಿಗೆ ಡಾಂಬರು ಮೆತ್ತಿದ್ದು. ಎರಡರಿಂದಲೂ ಏನೂ ಪ್ರಯೋಜನವಾಗಲಿಲ್ಲ. ಡಾಂಬರು ಮೆತ್ತಿದ ಮೇಲಂತೂ ಹನಿ ಒಂದು ಗೇಣು ಆಚೆಗೆ ಸರಿಯಿತು, ಅಷ್ಟೆ. 2025ರಲ್ಲಿ ಮಳೆಗಿಂತ ಮೊದಲೇ ಮಾಡಿನ (ಹಂಚಿನ ಛಾವಣಿಯ) ಪಶ್ಚಿಮದ ಇಳಿಜಾರನ್ನು ಪೂರ್ತಿ ಬಿಚ್ಚಿ ಕಟ್ಟುವುದೆಂದು ನಿರ್ಧರಿಸಿದೆ. ನನಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಉಳಿದ ವಾರಗಳಲ್ಲಿ ಭಾನುವಾರ ಮಾತ್ರ. ಆ ಲೆಕ್ಕದಲ್ಲಿ ಮೇ 25ಕ್ಕೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಇಳಿಜಾರಿನ ಅಗಲ 14 ಅಡಿ, ನೆತ್ತಿಯಿಂದ (ಮಾಡಿನ ಮೇಲ್ತುದಿ) ಸೂರಿನವರೆಗಿನ (ಕೆಳ ಅಂಚು) ಉದ್ದ ಹನ್ನೊಂದೂವರೆ ಅಡಿ. ಒಂದು ಸಾಲಿಗೆ 20ರಂತೆ 11 ಸಾಲು, ಒಟ್ಟು 220 ಮಂಗಳೂರು ಹಂಚು. ಅದರಲ್ಲಿ ಒಂದು ಗಾಜಿನದು. ನನ್ನ ಬಳಿ ಇದ್ದ ಸಲಕರಣೆಗಳು: ಎರಡು ಬಿದಿರಿನ ಏಣಿ, ಸುತ್ತಿಗೆ, ಉಳಿ, ಗರಗಸ, ಅಳತೆ ಟೇಪು, ನೂಲುದಾರ, ತಂತಿ ಬ್ರಷ್, ಕರಣೆ, ಮೊಳೆ ಕೀಳಲು ಒಂದು ಸಣ್ಣ ಸಬ್ಬಲ್. ಡ್ರಿಲ್ ಯಂತ್ರವನ್ನು ಸ್ನೇಹಿತನೊಬ್ಬನಿಂದ ಎರವಲು ತಂದೆ.

ಏಪ್ರಿಲ್ 26, ಶನಿವಾರ: ಸೋರುವ ಜಾಗ ಹುಡುಕಿದ್ದು

ಪಕ್ಕದ ಮನೆಯ ದೊಡ್ಡಪ್ಪ ಹರೆಯದಲ್ಲಿ ಊರಿನ ಅರ್ಧದಷ್ಟು ಮನೆಗಳ ಹಂಚು ಕೈಯಾಡಿಸಿದವರು. ಈಗ ಏಣಿ ಹತ್ತುವುದಿಲ್ಲ. ಜಗಲಿಯಲ್ಲಿ ಕುಳಿತು ನನ್ನ ಡಾಂಬರಿನ ಕಥೆ ಕೇಳಿ, "ಅಪ್ಪೀ, ಹನಿ ಬಿದ್ದ ಜಾಗ ನೋಡಬೇಡ, ನೀರು ಹೊಕ್ಕ ಜಾಗ ನೋಡು" ಎಂದರು. ಒಳಗೆ ಹೊಕ್ಕ ನೀರು ಪಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ ತೊಲೆ) ಮೈಗುಂಟ ಇಳಿದು, ಎಲ್ಲಿ ಗಂಟೋ ಮೊಳೆಯೋ ಸಿಗುತ್ತದೋ ಅಲ್ಲಿ ಹನಿಯುತ್ತದೆ ಎಂಬ ಸರಳ ಸಂಗತಿ ನನಗೆ ಒಂದು ವರ್ಷದಿಂದ ಹೊಳೆದಿರಲಿಲ್ಲ.

ಬಾವಿಯ ಪಂಪಿನ ಪೈಪನ್ನು ಮೇಲಕ್ಕೆ ಎಳೆದು, ಸೂರಿನ ಕಡೆಯಿಂದ ಆರಂಭಿಸಿ ಒಂದೊಂದೇ ಸಾಲಿಗೆ ಐದೈದು ನಿಮಿಷ ನೀರು ಬಿಟ್ಟೆ. ಅಮ್ಮ ಒಳಗೆ ಟಾರ್ಚು ಹಿಡಿದು ನಿಂತಿದ್ದರು. ಕೆಳಗಿನಿಂದ ಮೇಲಕ್ಕೆ ಹೋಗುವುದು ಇಲ್ಲಿ ಮುಖ್ಯ. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಸಾಲುಗಳ ಮೇಲೂ ಹರಿದು, ಯಾವುದರಿಂದ ಒಳಗೆ ಬಂತೆಂದು ತಿಳಿಯುವುದೇ ಇಲ್ಲ. ಆರನೆಯ ಸಾಲಿನವರೆಗೆ ಒಂದು ಹನಿಯೂ ಬೀಳಲಿಲ್ಲ. ಏಳನೆಯ ಸಾಲಿಗೆ ನೀರು ಬಿಟ್ಟು ಎರಡು ನಿಮಿಷದಲ್ಲಿ ಅಮ್ಮ ಕೂಗಿದರು. ಹನಿ ಬಿದ್ದದ್ದು ಬಕೆಟ್ ಇಡುತ್ತಿದ್ದ ಜಾಗದಲ್ಲೇ. ನೀರು ಹೊಕ್ಕದ್ದು ಅಲ್ಲಿಂದ ನಾಲ್ಕು ಅಡಿ ಮೇಲೆ.

ಅಲ್ಲಿನ ಹಂಚುಗಳಲ್ಲಿ ಒಂದೂ ಒಡೆದಿರಲಿಲ್ಲ. ಏಳು ಮತ್ತು ಎಂಟನೆಯ ಸಾಲಿನ ರೀಪುಗಳಿಗೆ (ಹಂಚು ಕೂರಲು ಪಕಾಸುಗಳ ಮೇಲೆ ಅಡ್ಡಕ್ಕೆ ಹೊಡೆದ ಮರದ ಪಟ್ಟಿಗಳು) ಉದ್ದಕ್ಕೆ ದಾರ ಹಿಡಿದು ನೋಡಿದಾಗ ನಡುಮಧ್ಯದಲ್ಲಿ ಒಂದೂಕಾಲು ಇಂಚು ಬಗ್ಗಿದ್ದವು. ರೀಪು ಬಗ್ಗಿದಲ್ಲಿ ಹಂಚೂ ಕುಸಿದು, ಮೇಲಿನ ಹಂಚಿನ ಮೂತಿಗೂ ಕೆಳಗಿನ ಹಂಚಿನ ತಲೆಗೂ ನಡುವೆ ಬೆರಳು ತೂರುವಷ್ಟು ಬಾಯಿ ತೆರೆದಿತ್ತು. ಗಾಳಿಮಳೆಯ ನೀರು ಅಲ್ಲಿಂದ ನೇರ ಒಳಗೆ ಬರುತ್ತಿತ್ತು.

ಈ ದಿನದ ತಪ್ಪನ್ನೂ ದಾಖಲಿಸುತ್ತೇನೆ: ಮಾಡಿನ ಮೇಲೆ ಓಡಾಡುವಾಗ ಹಂಚಿನ ನಡುವೆ ಕಾಲಿಟ್ಟು ಆರು ಹಂಚು ಒಡೆದೆ. ಹಂಚಿನ ಮೇಲೆ ಹಂಚು ಕೂರುವ, ಕೆಳಗೆ ರೀಪು ಇರುವ ಜಾಗದಲ್ಲಿ ಮಾತ್ರ ಕಾಲಿಡಬೇಕು. ಅದಕ್ಕಿಂತ ಒಳ್ಳೆಯದೆಂದರೆ ಎರಡನೆಯ ಏಣಿಯನ್ನು ಮಾಡಿನ ಮೇಲೆ ಮಲಗಿಸಿ ನೆತ್ತಿಗೆ ಹಗ್ಗದಿಂದ ಬಿಗಿದು ಅದರ ಮೇಲೆ ಓಡಾಡುವುದು. ಆರನೆಯ ಹಂಚು ಒಡೆದ ಮೇಲೆ ಹಾಗೆ ಮಾಡಿದೆ.

ಏಪ್ರಿಲ್ 27, ಭಾನುವಾರ: ಬಿಚ್ಚಿದ್ದು

ನೆತ್ತಿಯ ಮೇಲೆ ಕವುಚಿ ಕೂರಿಸಿದ ಹಂಚುಗಳ ಗಾರೆಯನ್ನು ಉಳಿಯಿಂದ ಬಿಡಿಸಿದೆ. ಹತ್ತರಲ್ಲಿ ನಾಲ್ಕು ಒಡೆದವು. ಹಳೆಯ ಗಾರೆಯಲ್ಲಿ ಸಿಮೆಂಟು ಹೆಚ್ಚಾಗಿದ್ದರಿಂದ ಅದು ಕಲ್ಲಿನಂತೆ ಗಟ್ಟಿಯಾಗಿ, ಹಂಚನ್ನು ಕಚ್ಚಿಕೊಂಡೇ ಮೇಲೆದ್ದಿತು. ಅನಂತರ ನಾನು ಮೇಲಿನಿಂದ ತೆಗೆದು ಕೊಡುವುದು, ಕೂಲಿಗೆ ಬಂದಿದ್ದವರು ಏಣಿಯ ನಡುವೆ ನಿಂತು ಕೆಳಗಿಳಿಸುವುದು. ಹೀಗೆ 220 ಹಂಚು ಇಳಿಸಲು ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಹಿಡಿಯಿತು. ಕೈ ಬದಲಿಸುವಾಗ ಐದು ಬಿದ್ದು ಒಡೆದವು.

ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು) ಇತ್ತು. ಬಿಸಿಲಿನಿಂದ ಇಳಿದು ಬಂದವನು ಅದನ್ನು ಅನ್ನಕ್ಕೆ ಕಲಸುವ ತಾಳ್ಮೆಯಿಲ್ಲದೆ ಎರಡು ಲೋಟ ಹಾಗೆಯೇ ಕುಡಿದೆ. ಅದು ತರುವ ನಿದ್ದೆ ಗೊತ್ತಿದ್ದವರಿಗೆ ಮಧ್ಯಾಹ್ನ ಮೂರರವರೆಗೆ ಕೆಲಸ ಏಕೆ ನಿಂತಿತೆಂದು ಹೇಳಬೇಕಾಗಿಲ್ಲ.

ಸಂಜೆ ಹಂಚುಗಳ ಪರೀಕ್ಷೆ. ಹಂಚನ್ನು ಒಂದು ಕೈಯಲ್ಲಿ ತೂಗಾಡುವಂತೆ ಹಿಡಿದು ಬೆರಳಗಂಟಿನಿಂದ ಬಡಿದರೆ ಸರಿಯಿರುವುದು ಠಣ್ ಎನ್ನುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೆ ಸದ್ದು ಬೋದಾಗಿರುತ್ತದೆ. 27 ಹಂಚು ಈ ಪರೀಕ್ಷೆಯಲ್ಲಿ ಹೋದವು. ಒಡೆದವೂ ಸೇರಿ ನಷ್ಟ 38, ಉಳಿದದ್ದು 182. ಹಂಚಿನ ಅಡಿಯಲ್ಲಿ ಇಲಿಗಳು ಕೂಡಿಟ್ಟಿದ್ದ ಅರ್ಧ ಕಿಲೋದಷ್ಟು ಗೋಟಡಿಕೆಯೂ ಸಿಕ್ಕಿತು. ಅಮ್ಮ ಅದನ್ನು ಆರಿಸಿ, ತೊಳೆದು, ಒಣಗಲು ಹಾಕಿದರು.

ರೀಪುಗಳನ್ನು ಕಿತ್ತಾಗ ಇನ್ನೊಂದು ಸಂಗತಿ ಹೊರಬಿತ್ತು. ಎಡದಿಂದ ಮೂರನೆಯ ಪಕಾಸಿನ ಕೆಳತುದಿಯಲ್ಲಿ ಉಳಿ ಚುಚ್ಚಿದರೆ ಹಿಡಿಯವರೆಗೆ ಇಳಿಯಿತು. ಸುಮಾರು ಹದಿನಾಲ್ಕು ಇಂಚು ಉದ್ದಕ್ಕೆ ಗೆದ್ದಲು ಒಳಗಿನಿಂದ ತಿಂದು, ಹೊರಗಿನ ಸಿಪ್ಪೆಯನ್ನಷ್ಟೇ ಬಿಟ್ಟಿತ್ತು. ರೀಪು ಬಗ್ಗಲು ಮೂಲ ಕಾರಣ ಇದೇ. ಅಂದರೆ ಕಳೆದ ವರ್ಷ ಹಂಚು ಬದಲಿಸಿದ್ದೂ ಡಾಂಬರು ಬಳಿದದ್ದೂ, ಕಾಲು ಮುರಿದವನ ತಲೆಗೆ ಎಣ್ಣೆ ಹಚ್ಚಿದಂತಾಗಿತ್ತು.

ಮೇ 4, ಭಾನುವಾರ: ಸಾಮಾನು ಮತ್ತು ಗೇರೆಣ್ಣೆ

ಎರಡು ಇಂಚು ಅಗಲ, ಒಂದು ಇಂಚು ದಪ್ಪದ ರೀಪು, 11 ಸಾಲಿಗೂ ಸೂರಿನ ಅಂಚಿನ ಹೆಚ್ಚುವರಿ ಪಟ್ಟಿಗೂ ಸೇರಿ 168 ಅಡಿ. ಅಡಿಗೆ 22 ರೂಪಾಯಿಯಂತೆ 3,696 ರೂಪಾಯಿ. ಹೊಸ ಹಂಚು 40, ಒಂದಕ್ಕೆ 42ರಂತೆ 1,680 ರೂಪಾಯಿ. ಈ ಎರಡನೆಯ ಖರೀದಿಯೇ ಇಡೀ ಕೆಲಸದ ದೊಡ್ಡ ತಪ್ಪು. ಅದು ಒಂದು ವಾರದ ನಂತರ ತಿಳಿಯಿತು.

ಗೆದ್ದಲಿಗೆಂದು ರೀಪುಗಳಿಗೆ ಗೇರೆಣ್ಣೆ ಹಚ್ಚಿದೆ. ಮೂರು ಲೀಟರ್ ಗೇರೆಣ್ಣೆಗೆ ಒಂದು ಲೀಟರ್ ಡೀಸೆಲ್ ಬೆರೆಸಿ, ಹಳೆಯ ಬ್ರಷ್ಷಿನಿಂದ ನಾಲ್ಕೂ ಮೈಗೆ ಎರಡು ಸಲ. ಕೈಗವಸು ಇತ್ತು. ಆದರೆ ಹಾಕಿಕೊಂಡರೆ ಬ್ರಷ್ ಜಾರುತ್ತದೆಂದು ಅರ್ಧದಲ್ಲಿ ತೆಗೆದಿಟ್ಟೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ ಎಂಬುದು ಬಾಲ್ಯದಲ್ಲಿ ಹಸಿ ಗೇರುಬೀಜ ಸುಲಿದವರೆಲ್ಲರಿಗೂ ಗೊತ್ತಿರುವ ವಿಷಯ, ನನಗೂ ಗೊತ್ತಿತ್ತು. ಮಂಗಳವಾರದ ಹೊತ್ತಿಗೆ ಬಲಗೈಯ ಮೂರು ಬೆರಳುಗಳ ಸಂದಿನಲ್ಲಿ ಬೊಬ್ಬೆಗಳೆದ್ದು, ಆ ವಾರವೆಲ್ಲ ಕಚೇರಿಯಲ್ಲಿ ಎಡಗೈಯಿಂದ ಸಹಿ ಮಾಡುವ ಪರಿಸ್ಥಿತಿ ಬಂತು. ಕೈಗವಸು, ತುಂಬುತೋಳಿನ ಅಂಗಿ, ಮೈಗೆ ತೆಂಗಿನೆಣ್ಣೆ, ಈ ಮೂರೂ ಇಲ್ಲದೆ ಗೇರೆಣ್ಣೆಯ ಡಬ್ಬಿ ತೆರೆಯಬಾರದು. ಎಣ್ಣೆ ಹೀರಿ ಒಣಗಲು ಐದು ದಿನ ಬೇಕಾಯಿತು.

ಮೇ 10 ಮತ್ತು 11: ಪಕಾಸು ಸರಿಯಾಯಿತು, ರೀಪು ತಪ್ಪಿತು

ಗೆದ್ದಲು ತಿಂದ ಭಾಗವನ್ನು ಕತ್ತರಿಸಿ, ಗಟ್ಟಿ ಮರ ಸಿಗುವಲ್ಲಿಂದ ಮೇಲಕ್ಕೆ ಎರಡೂವರೆ ಅಡಿ ಜೋಡಿ ಬರುವಂತೆ ನಾಲ್ಕು ಅಡಿ ಉದ್ದದ ಮತ್ತಿ ಮರದ ತುಂಡನ್ನು ಪಕ್ಕದಲ್ಲಿ ಕೊಟ್ಟೆ. ಮೊದಲು ನಾಲ್ಕಿಂಚಿನ ಮೊಳೆಗಳಿಂದ ಹೊಡೆಯಲು ಹೋದೆ. ಎರಡು ಮೊಳೆ ಬಗ್ಗಿದವು, ಮೂರನೆಯದು ಹಳೆಯ ಪಕಾಸನ್ನು ಒಂದು ಗೇಣು ಸೀಳಿತು. ನೂರು ವರ್ಷ ಒಣಗಿದಂತಿರುವ ಮರಕ್ಕೆ ನೇರವಾಗಿ ಮೊಳೆ ಹೊಡೆಯುವುದು ಸರಿಯಲ್ಲ. ಮೊಳೆ ಕಿತ್ತು, ಡ್ರಿಲ್ಲಿನಿಂದ ತೂತು ಕೊರೆದು, 10 ಮಿಲಿಮೀಟರಿನ ನಾಲ್ಕು ಬೋಲ್ಟುಗಳನ್ನು ಒಂದರ ನೇರಕ್ಕೆ ಒಂದು ಬಾರದಂತೆ ಮೇಲೆ ಕೆಳಗೆ ಹಾಕಿ ಬಿಗಿದೆ. ಸೀಳು ಬಿಟ್ಟ ಜಾಗ ಬೋಲ್ಟುಗಳ ನಡುವೆಯೇ ಸಿಕ್ಕಿಕೊಂಡಿತು. ಶನಿವಾರ ಸಂಜೆ ಅದರ ಮೇಲೆ ನಾನೇ ಜೋತುಬಿದ್ದು ನೋಡಿದೆ, ಕದಲಲಿಲ್ಲ.

ಭಾನುವಾರ ರೀಪು ಹೊಡೆದೆ. ರೀಪಿನಿಂದ ರೀಪಿಗೆ ಎಷ್ಟು ಅಂತರವೆಂದು ತಿಳಿಯಲು ಹೊಸ ಹಂಚುಗಳಲ್ಲಿ ಎರಡನ್ನು ನೆಲದ ಮೇಲೆ ಜೋಡಿಸಿ ಅಳೆದೆ: 13 ಇಂಚು. ಹದಿಮೂರರ ಅಳತೆಗೆ ಒಂದು ಕೋಲು ಕತ್ತರಿಸಿಕೊಂಡು, ಅದನ್ನೇ ಇಟ್ಟು ಇಟ್ಟು ಹತ್ತು ರೀಪು ಹೊಡೆದೆ. ಹನ್ನೊಂದನೆಯದು ನೆತ್ತಿಯ ಮರಕ್ಕೆ ತಾಗುವಂತಾದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಹಳಬರು ಅಳತೆ ತಪ್ಪಿದ್ದಿರಬೇಕೆಂದು ಅಂದುಕೊಂಡೆ.

ಸಂಜೆ ಐದರ ಹೊತ್ತಿಗೆ ಸೂರಿನಿಂದ ಎರಡು ಸಾಲು ಹಳೆಯ ಹಂಚು ಹಾಕಿ ನೋಡಿದರೆ ಎಲ್ಲ ಕಡೆಯೂ ಬಾಯಿ ತೆರೆದಿದೆ. ಮೇಲಿನ ಹಂಚಿನ ತುದಿಯ ತುಟಿ ಕೆಳಗಿನ ಹಂಚಿನ ಕಾಲುವೆಯೊಳಗೆ ಕೂರದೆ, ಅದರ ದಿಣ್ಣೆಯ ಮೇಲೆ ನಿಂತಿದೆ. ನಮ್ಮ ಹಳೆಯ ಹಂಚು ಹೊಸದಕ್ಕಿಂತ ಸುಮಾರು ಅರ್ಧ ಇಂಚು ಗಿಡ್ಡ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಕಸುಬು ಅನಂತರ ಕರಾವಳಿಯ ಉದ್ದಕ್ಕೂ ಹರಡಿ, ಬೇರೆ ಬೇರೆ ಕಾರ್ಖಾನೆಗಳ ಅಚ್ಚುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿಯೇ ಉಳಿದವು. ನೋಡಲು ಎಲ್ಲವೂ ಒಂದೇ, ಒಂದರೊಳಗೊಂದು ಕೂರುವುದಿಲ್ಲ. ಹಂಚಿನ ಬೆನ್ನ ಮೇಲೆ ಕಾರ್ಖಾನೆಯ ಗುರುತು ಒತ್ತಿರುವುದು ಇದಕ್ಕಾಗಿಯೂ ಉಪಯೋಗಕ್ಕೆ ಬರುತ್ತದೆ ಎಂದು ನಾನು ತಿಳಿದದ್ದು ಹತ್ತು ರೀಪು ಹೊಡೆದ ಮೇಲೆ.

ದೊಡ್ಡಪ್ಪ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ, "ಹುಡುಗಿ ನೋಡದೆ ಬಳೆ ತಂದಂತಾಯಿತು" ಎಂದರು.

ಮೇ 18, ಭಾನುವಾರ: ಮತ್ತೆ ಮೊದಲಿನಿಂದ

ಸರಿಯಾದ ಕ್ರಮ ಇದು. ಮನೆಯದೇ ಹಳೆಯ ಹಂಚುಗಳಲ್ಲಿ ಹನ್ನೊಂದನ್ನು ನೆಲದ ಮೇಲೆ ಉದ್ದಕ್ಕೆ ಒಂದರೊಳಗೊಂದು ಕೂರಿಸಬೇಕು. ಮೊದಲು ಎಲ್ಲವನ್ನೂ ಬಿಗಿಯಾಗಿ ಒತ್ತಿ, ಮೊದಲನೆಯ ಹಂಚಿನ ತಲೆಯಿಂದ ಹನ್ನೊಂದನೆಯದರ ತಲೆಯವರೆಗೆ, ಅಂದರೆ ಹತ್ತು ಅಂತರಗಳನ್ನು ಅಳೆಯಬೇಕು. ನಮ್ಮದು 123 ಇಂಚು ಬಂತು. ಆಮೇಲೆ ಸಂದು ಬಿಡದಷ್ಟೇ ಎಳೆದು ಸಡಿಲಿಸಿ ಮತ್ತೆ ಅಳೆಯಬೇಕು. 127 ಬಂತು. ಎರಡರ ನಡುವಿನದು 125. ಹತ್ತರಿಂದ ಭಾಗಿಸಿದರೆ ಹನ್ನೆರಡೂವರೆ ಇಂಚು. ಎರಡೇ ಹಂಚನ್ನು ಅಳೆದರೆ ಕಾಲಿಂಚಿನ ತಪ್ಪು ಕಾಣುವುದೇ ಇಲ್ಲ, ಹನ್ನೊಂದು ಸಾಲು ಮೇಲೆ ಹೋದಾಗ ಅದು ಮೂರು ಇಂಚಿಗೆ ಸಮೀಪವಾಗುತ್ತದೆ.

ಹತ್ತೂ ರೀಪು ಕಿತ್ತೆ. ಎಣ್ಣೆ ಕುಡಿದ ರೀಪಿನಿಂದ ಮೊಳೆ ಸಲೀಸಾಗಿ ಬಂತೆನ್ನುವುದೊಂದೇ ಸಮಾಧಾನ. ಎರಡು ರೀಪು ತುದಿಯಲ್ಲಿ ಸೀಳಿದವು. ಅವನ್ನು ಒಂದೂವರೆ ಇಂಚು ಸರಿಸಿ ಮತ್ತೆ ಹೊಡೆದೆ. ಸೂರಿನ ಅಂಚಿನಲ್ಲಿ ಮಾತ್ರ ರೀಪಿನ ಮೇಲೆ ಇನ್ನೊಂದು ಪಟ್ಟಿ ಸೇರಿಸಿ ಎತ್ತರಿಸಬೇಕು. ಬೇರೆ ಸಾಲುಗಳ ಹಂಚಿನ ಮೂತಿ ಕೆಳಗಿನ ಹಂಚಿನ ಮೇಲೆ ಕೂರುತ್ತದೆ, ಮೊದಲ ಸಾಲಿಗೆ ಕೆಳಗೆ ಹಂಚಿಲ್ಲ. ಪಟ್ಟಿ ಕೊಡದಿದ್ದರೆ ಆ ಸಾಲು ಮೂಗು ಬಗ್ಗಿಸಿ ಕೂತು, ಎರಡನೆಯ ಸಾಲಿನ ಸಂದು ತೆರೆಯುತ್ತದೆ.

ನಡುವಿನ ವಾರದಲ್ಲಿ ಹಳೆಯ ಮನೆ ಕೆಡವಿದ ಸಾಮಾನು ಮಾರುವಲ್ಲಿಗೆ ಹೋಗಿ ನಮ್ಮ ಹಂಚಿನದೇ ಗುರುತಿರುವ 45 ಹಂಚು ತಂದಿದ್ದೆ. ಒಂದಕ್ಕೆ 18 ರೂಪಾಯಿ. ಮೂರು ಬೋದು ಸದ್ದಿನವು. ಉಳಿದವು ನಮ್ಮವಕ್ಕಿಂತ ಗಟ್ಟಿಯಾಗಿದ್ದವು. ಹೊಸ 40 ಹಂಚು ಈಗ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ.

ಮೇ 24 ಮತ್ತು 25: ಮಳೆ ಬಂತು

ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ಮುಟ್ಟುವ ಮುಂಗಾರು ಈ ಬಾರಿ ಮೇ 24ಕ್ಕೇ ಮುಟ್ಟಿತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ಮಳೆ ಜೂನ್ ಮೊದಲ ವಾರ ಬರುತ್ತದೆಂಬುದು ನಮ್ಮ ಲೆಕ್ಕವಾಗಿತ್ತು. ಶನಿವಾರ ಬೆಳಗ್ಗೆಯೇ ಪಶ್ಚಿಮದ ಕಡೆ ಆಕಾಶ ಕಪ್ಪಿಟ್ಟಿತ್ತು. ಏಳು ಗಂಟೆಗೆ ಸೂರಿನಿಂದ ನೆತ್ತಿಗೆ ನೂಲುದಾರ ಕಟ್ಟಿ ಹಂಚು ಹಾಕತೊಡಗಿದೆವು. ದಾರ ಕಟ್ಟದೆ ಹಾಕಿದರೆ ಪ್ರತಿ ಸಾಲೂ ಎಳೆಯಷ್ಟು ಓರೆಯಾಗಿ, ಮೇಲೆ ಹೋಗುವಷ್ಟರಲ್ಲಿ ಒಂದು ಪಕ್ಕದಲ್ಲಿ ಅರ್ಧ ಹಂಚು ಕಡಿಮೆ ಬೀಳುತ್ತದೆ. ಏಳನೆಯ ಸಾಲು ಮುಗಿದಾಗ ಮಧ್ಯಾಹ್ನ ಎರಡೂವರೆ. ಎಂಟನೆಯ ಸಾಲಿನ ಐದನೆಯ ಹಂಚು ಕೈಯಲ್ಲಿರುವಾಗ ಮಳೆ ಸುರಿಯಿತು.

18 ಅಡಿಗೆ 12 ಅಡಿಯ ಟಾರ್ಪಾಲನ್ನು ಎಳೆದು, ನೆತ್ತಿಯ ಮರಕ್ಕೇ ಅಂಚು ಸೇರಿಸಿ ಕಟ್ಟಿ ಇಳಿದೆವು. ರಾತ್ರಿ ಹತ್ತರ ಹೊತ್ತಿಗೆ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರು. ನೆತ್ತಿಯ ಹಂಚು ತೆಗೆದಿದ್ದರಿಂದ ಗಾಳಿಯ ಹೊಡೆತಕ್ಕೆ ನೀರು ಟಾರ್ಪಾಲಿನ ಮೇಲಂಚಿನ ಅಡಿಯಿಂದಲೇ ಒಳಗೆ ಬಂದಿತ್ತು. ಕೊಡೆಯ ಅಂಚನ್ನು ತಲೆಯ ಮಧ್ಯಕ್ಕೆ ನಿಲ್ಲಿಸಿದಂತಾಗಿತ್ತು ಅದು. ಭಾನುವಾರ ಬೆಳಗ್ಗೆ ಮಳೆಯಲ್ಲೇ ಹತ್ತಿ, ಟಾರ್ಪಾಲನ್ನು ನೆತ್ತಿ ದಾಟಿಸಿ ಪೂರ್ವದ ಇಳಿಜಾರಿನ ಮೇಲೆ ಮೂರು ಅಡಿ ಹೊದೆಸಿ, ಎರಡೂ ಕಡೆ ಬಿದಿರಿನ ಗಳ ಸುತ್ತಿ ಜೋತುಬಿಟ್ಟೆ. ಅನಂತರ ನೀರು ಬರಲಿಲ್ಲ. ಈ ಕೆಲಸ ಶನಿವಾರ ಹತ್ತು ನಿಮಿಷ ಹೆಚ್ಚು ಕೇಳುತ್ತಿತ್ತು, ಅಷ್ಟೆ.

ಆ ವಾರ ಅಡುಗೆ ಒಳಜಗಲಿಗೆ ಸ್ಥಳಾಂತರವಾಯಿತು. ಅಟ್ಟದಲ್ಲಿ ಅರೆ ಒಣಗಿದ್ದ ಹಲಸಿನ ಹಪ್ಪಳ ಎಂಬತ್ತರಷ್ಟು ತೇವಕ್ಕೆ ಬೂಸಲು ಹಿಡಿದವು. ಇದರ ಬಗ್ಗೆ ಅಮ್ಮ ಏನೂ ಹೇಳಲಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು. ಉಳಿದ ಹಪ್ಪಳಗಳನ್ನು ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ ಚೂರಿನ ಜೊತೆ ತಿನ್ನುತ್ತ, ಟಾರ್ಪಾಲಿನ ಮೇಲೆ ಬೀಳುವ ಮಳೆಯ ಸದ್ದು ಹಂಚಿನ ಮೇಲಿನ ಸದ್ದಿಗಿಂತ ಎಷ್ಟು ಒರಟೆಂದು ಎಲ್ಲರೂ ಮಾತನಾಡಿಕೊಂಡೆವು.

ಜೂನ್ 1, ಭಾನುವಾರ: ನೆತ್ತಿ ಮುಚ್ಚಿದ್ದು

ಬೆಳಗ್ಗೆ ಮಳೆ ಬಿಟ್ಟು ಹೊಳವಾಯಿತು. ಉಳಿದ ನಾಲ್ಕು ಸಾಲು ಹನ್ನೊಂದು ಗಂಟೆಯೊಳಗೆ ಮುಗಿದವು. ನೆತ್ತಿಗೆ ಒಂದು ಪಾಲು ಸಿಮೆಂಟು, ಐದು ಪಾಲು ಮರಳು, ಜೊತೆಗೆ ಒಂದು ಹಿಡಿ ಸುಣ್ಣ ಸೇರಿಸಿ ಗಾರೆ ಕಲಸಿದೆ. ಮೊದಲ ಎರಡು ಕವುಚು ಹಂಚನ್ನು ಒಣಗಿದ್ದಂತೆಯೇ ಕೂರಿಸಿದ್ದೆ. ಮೂರನೆಯದನ್ನು ಒತ್ತುವಾಗ ಪಕ್ಕದ್ದು ಅಲುಗಿ ಎದ್ದುಬಂತು; ಗಾರೆ ಅದಕ್ಕೆ ಅಂಟಿಯೇ ಇರಲಿಲ್ಲ. ಒಣ ಹಂಚು ಗಾರೆಯ ನೀರನ್ನು ಹೀರಿ, ಅಂಟುವ ಮೊದಲೇ ಅದನ್ನು ಪುಡಿಯಾಗಿಸುತ್ತದೆ. ಎಲ್ಲ ಹತ್ತನ್ನೂ ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೈಯ ನೀರು ಇಳಿದ ಮೇಲೆ ಕೂರಿಸಿದೆ. ಸಂಜೆ ಮತ್ತೆ ಮೋಡ ಕಟ್ಟಿತು. ಹಸಿ ಗಾರೆ ತೊಳೆದುಹೋಗದಂತೆ ಅಡಿಕೆ ಹಾಳೆಗಳನ್ನು ನೆತ್ತಿಯುದ್ದಕ್ಕೂ ಕವುಚಿ, ಕಲ್ಲು ಹೇರಿದೆ. ಆ ರಾತ್ರಿ ಮಳೆ ಬಂದರೂ ಗಾರೆ ಉಳಿಯಿತು.

ಖರ್ಚು: ರೀಪು 3,696; ಹೊಸ ಹಂಚು 1,680; ಹಳೆಯ ಹಂಚು 810; ಕವುಚು ಹಂಚು ನಾಲ್ಕಕ್ಕೆ 240; ಮತ್ತಿ ತುಂಡು 420; ಬೋಲ್ಟು 120; ಮೊಳೆ 200; ಗೇರೆಣ್ಣೆ 360; ಡೀಸೆಲ್ 90; ಟಾರ್ಪಾಲು 1,350; ಸಿಮೆಂಟು ಒಂದು ಚೀಲ 400; ಎರಡು ದಿನದ ಕೂಲಿ 1,800. ಒಟ್ಟು 11,166 ರೂಪಾಯಿ. ಹೊಸ ಹಂಚಿನ 1,680 ಶುದ್ಧ ದಂಡ.

ಜೂನ್ 8, ಭಾನುವಾರ: ಉಳಿದದ್ದು

ಏಳನೆಯ ಸಾಲಿನಲ್ಲಿ ಈಗ ಒಂದು ಹನಿಯೂ ಇಲ್ಲ. ಬಕೆಟ್ ಬಚ್ಚಲಿಗೆ ಮರಳಿದೆ. ಆದರೆ ನೈರುತ್ಯದ ಗಾಳಿ ಜೋರಾದಾಗ ಗಾಜಿನ ಹಂಚಿನ ಬಲ ಅಂಚಿನಲ್ಲಿ ಹನಿ ಮೂಡುತ್ತದೆ. ಅದನ್ನು ಹೊರಗಿನಿಂದ ನೋಡಿದೆ: ಗಾಜಿನ ಹಂಚಿನ ಪಕ್ಕದ ಕಾಲುವೆ ಮಣ್ಣಿನದಕ್ಕಿಂತ ಆಳ ಕಡಿಮೆ, ತುಂಬಿದ ನೀರು ಉಕ್ಕಿ ಒಳಗೆ ಬರುತ್ತಿದೆ. ಮೊದಲೂ ಅದು ಹೀಗೆಯೇ ಸೋರುತ್ತಿತ್ತೇನೋ. ಬಕೆಟ್ಟಿನ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ. ಸಿಲಿಕೋನ್ ಹಚ್ಚೋಣವೆಂದರೆ ಅಂಚು ಪೂರ್ತಿ ಒಣಗಿರಬೇಕು, ಸದ್ಯ ಅಂಥ ದಿನ ಸಿಗುವಂತಿಲ್ಲ. ತೆಗೆದು ಮಣ್ಣಿನ ಹಂಚು ಹಾಕೋಣವೆಂದರೆ, ಉಳಿದ ನಾಲ್ಕು ಹಂಚೂ ಕೈಗೆಟಕುವಲ್ಲೇ ಇವೆ, ಆದರೆ ಅಮ್ಮ ಒಪ್ಪುವುದಿಲ್ಲ. ಮಧ್ಯಾಹ್ನದ ಮೇಲೆ ಅವರು ಈಳಿಗೆಮಣೆ ಹಾಕಿಕೊಂಡು ಕೂರುವ ಜಾಗಕ್ಕೆ ಬೆಳಕು ಬೀಳುವುದು ಅದರಿಂದಲೇ.

ಸದ್ಯಕ್ಕೆ ಅದರ ಕೆಳಗೆ ಒಂದು ಚೊಂಬು ಇಟ್ಟಿದ್ದೇವೆ. ನಿನ್ನೆ ರಾತ್ರಿಯ ಮಳೆಗೆ ಬಿದ್ದದ್ದು ಕಾಲು ಲೋಟ.